ಸಾಕು ಮಗು ಮನೆಗೆ ಬರುವ ಮುಂಚೆ

ಫಾಸ್ಟರ್ ಕೇರ್, ಅಂದರೆ ಬೇರೆಯವರ ಮಗುವನ್ನು ತಾತ್ಕಾಲಿಕವಾಗಿ ಮನೆಯಲ್ಲಿ ಸಾಕುವ ಪೋಷಕತ್ವಕ್ಕೆ ಹೆಸರು ಕೊಡಲು ಬರುವ ಅನೇಕರು ಮೊದಲು ಕೇಳುವುದು ಇದನ್ನೇ: ‘ಮಗು ಕೊನೆಗೆ ನಮ್ಮ ಹತ್ತಿರವೇ ಉಳಿಯುತ್ತೆ ಅಲ್ವಾ?’ ದತ್ತು ಸರದಿಯಲ್ಲಿ ವರ್ಷಗಟ್ಟಲೆ ಕಾದು ದಣಿದವರು ಈ ದಾರಿ ಹತ್ತಿರದ್ದೆಂದು ಭಾವಿಸಿ ಬರುತ್ತಾರೆ. ಅವರ ಆಸೆ ಸಹಜ. ಆದರೆ ಬಾಲನ್ಯಾಯ ಕಾಯ್ದೆ 2015ರ 44ನೇ ಕಲಂ ಹೇಳುವ ಪೋಷಕತ್ವ ಬೇರೆಯೇ ವ್ಯವಸ್ಥೆ. ಹೆತ್ತವರು ಜೈಲಿನಲ್ಲಿರಬಹುದು, ದೀರ್ಘ ಕಾಯಿಲೆಯಲ್ಲಿರಬಹುದು, ಕುಡಿತದಿಂದ ಮಗುವನ್ನು ನೋಡಿಕೊಳ್ಳಲಾರದೆ ಹೋಗಿರಬಹುದು. ಅವರು ಚೇತರಿಸಿಕೊಂಡು ಸಮರ್ಥರೆಂದು ಮಕ್ಕಳ ಕಲ್ಯಾಣ ಸಮಿತಿಗೆ ಮನವರಿಕೆಯಾದರೆ ಮಗು ಅವರ ಬಳಿಗೆ ಮರಳುತ್ತದೆ. ಸಾಕುವವರ ತಯಾರಿ ಶುರುವಾಗಬೇಕಾದದ್ದು ಈ ಮರಳುವಿಕೆಯನ್ನು ಒಪ್ಪಿಕೊಳ್ಳುವುದರಿಂದ. ಮಂಚ, ಬೀರು, ಶಾಲೆ ಎಲ್ಲವೂ ಆಮೇಲಿನ ಮಾತು.

ದತ್ತಿಗೂ ಇದಕ್ಕೂ ಒಂದು ಕೊಂಡಿ ಇರುವುದು ನಿಜ. ಮಗುವನ್ನು ಕನಿಷ್ಠ 2 ವರ್ಷ ಸಾಕಿದ ಕುಟುಂಬ, ಆ ಮಗು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಣೆಯಾಗಿದ್ದರೆ, ದತ್ತು ಕೇಳಬಹುದು. ಘೋಷಣೆ ಆಗದಿದ್ದರೆ ಎಷ್ಟು ವರ್ಷ ಸಾಕಿದರೂ ಹಕ್ಕು ಹುಟ್ಟುವುದಿಲ್ಲ. ಇದನ್ನು ಅಜ್ಜಿ, ತಾತ, ಮನೆಯ ಮಕ್ಕಳು, ಎಲ್ಲರಿಗೂ ಮೊದಲೇ ಬಿಡಿಸಿ ಹೇಳಿ. ಗಂಡ ಹೆಂಡತಿ ಇಬ್ಬರಿಗೇ ಗೊತ್ತಿದ್ದು ಉಳಿದವರು ‘ಮನೆಗೆ ಮಗು ಬಂತು’ ಎಂದು ಸಂಭ್ರಮಪಟ್ಟ ಕುಟುಂಬಗಳಲ್ಲಿ ಬೀಳ್ಕೊಡುವ ಹೊತ್ತಿಗೆ ಆಗುವ ಗಾಯ ದೊಡ್ಡದು. ಅದು ಮಗುವಿಗೂ ತಗಲುತ್ತದೆ.

ಕೇಂದ್ರ ಸರ್ಕಾರದ 2024ರ ಪೋಷಕತ್ವ ಮಾದರಿ ಮಾರ್ಗಸೂಚಿಗಳು ಬಂದ ಮೇಲೆ ದಂಪತಿಗಳಷ್ಟೇ ಅಲ್ಲದೆ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳೂ ಅರ್ಜಿ ಹಾಕಬಹುದು: ಮದುವೆಯಾಗದವರು, ಸಂಗಾತಿಯನ್ನು ಕಳೆದುಕೊಂಡವರು, ವಿಚ್ಛೇದಿತರು. ಒಂಟಿ ಮಹಿಳೆ ಗಂಡು ಹೆಣ್ಣು ಯಾವ ಮಗುವನ್ನಾದರೂ ಸಾಕಬಹುದು, ಒಂಟಿ ಪುರುಷನಿಗೆ ಗಂಡು ಮಗುವನ್ನು ಮಾತ್ರ ಕೊಡುತ್ತಾರೆ. ಬರುವ ಮಕ್ಕಳು 6 ವರ್ಷ ದಾಟಿದವರು. ಕೂಸನ್ನು ನಿರೀಕ್ಷಿಸಿ ತೊಟ್ಟಿಲು ನೋಡಿಟ್ಟವರು ಇಲ್ಲಿಯೇ ಮನಸ್ಸು ಬದಲಿಸಿಕೊಳ್ಳಬೇಕಾಗುತ್ತದೆ. ನಿಮ್ಮ ಮನೆಗೆ ಬರುವ ಮಗುವಿಗೆ ಹೆಸರಿದೆ, ನೆನಪುಗಳಿವೆ, ತನ್ನದೇ ಊಟದ ರುಚಿಯಿದೆ. ಆ ಹೆಸರನ್ನು ಬದಲಿಸಬೇಡಿ. ಮುದ್ದಿಗಾಗಿ ಹೊಸ ಹೆಸರಿಡುವುದೂ ಬೇಡ.

ಅರ್ಜಿ ಹಾಕಿದ ಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ಗೃಹ ಅಧ್ಯಯನ ಮಾಡುತ್ತಾರೆ. ಗುರುತಿನ ಚೀಟಿ, ಆದಾಯದ ದಾಖಲೆ, ಆರೋಗ್ಯ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ಪರಿಚಯಸ್ಥರ ಅಭಿಪ್ರಾಯ, ಇವೆಲ್ಲ ಸುಲಭದ ಭಾಗ. ಮಾತುಕತೆಯಲ್ಲಿ ಅನೇಕರು ಎಡವುತ್ತಾರೆ. ಮನೆ ಗುಡಿಸಿ, ತಿಂಡಿ ಮಾಡಿಟ್ಟು, ‘ನಮ್ಮಲ್ಲಿ ಜಗಳವೇ ಆಗಲ್ಲ’ ಎನ್ನುವ ಕುಟುಂಬ ಅಧ್ಯಯನಕ್ಕೆ ಬಂದವರಿಗೆ ಹೆಚ್ಚೇನೂ ಹೇಳಿದಂತಾಗುವುದಿಲ್ಲ. ಜಗಳವಾದಾಗ ಯಾರು ಮೊದಲು ಮಾತಾಡಿಸುತ್ತಾರೆ, ಮಗ ಕಡಿಮೆ ಅಂಕ ತಂದರೆ ಏನಾಗುತ್ತದೆ, ಸಾಲ ಎಷ್ಟಿದೆ, ಮನೆಯಲ್ಲಿ ಯಾರಾದರೂ ಕುಡಿಯುತ್ತಾರಾ, ಇವೇ ಕೆಲಸಕ್ಕೆ ಬರುವ ಸಂಗತಿಗಳು. ಯಾವ ಮಗುವನ್ನು ನಿಭಾಯಿಸಲಾರಿರಿ ಎಂಬುದನ್ನೂ ಆಗಲೇ ಹೇಳಿಬಿಡಿ. ಅಂಗವೈಕಲ್ಯವಿರುವ ಮಗುವನ್ನು ನೋಡಿಕೊಳ್ಳುವಷ್ಟು ಶಕ್ತಿ ನಮಗಿಲ್ಲ ಎನ್ನುವುದು ತಪ್ಪಲ್ಲ. ಒಪ್ಪಿಕೊಂಡು ಮೂರು ತಿಂಗಳಿಗೆ ಮಗುವನ್ನು ವಾಪಸು ಬಿಟ್ಟು ಬರುವುದು ತಪ್ಪು, ಏಕೆಂದರೆ ಅದು ಆ ಮಗುವಿಗೆ ಇನ್ನೊಂದು ಮನೆ ಕೈಬಿಟ್ಟಂತೆ.

ಸ್ವಂತ ಮಕ್ಕಳಿದ್ದರೆ ಅವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿ. ಯಾವ ವಸ್ತು ಹಂಚಿಕೊಳ್ಳುತ್ತಾರೆ, ಯಾವುದನ್ನು ಹಂಚಿಕೊಳ್ಳುವುದಿಲ್ಲ ಎಂದು ಅವರೇ ನಿರ್ಧರಿಸಲಿ. ಸೈಕಲ್ ಕೊಡಲ್ಲ ಅಂದರೆ ಕೊಡದಿರಲಿ. ಬಂದ ಮಗುವಿಗೆ ಬೇರೆ ಹಾಸಿಗೆ, ಬೀಗ ಹಾಕಬಹುದಾದ ಒಂದು ಡ್ರಾಯರ್ ಅಥವಾ ಟ್ರಂಕು ಕಡ್ಡಾಯವಾಗಿ ಇರಲಿ. ಬಾಲಮಂದಿರದಲ್ಲಿ ಬೆಳೆದ ಮಗುವಿಗೆ ತನ್ನದು ಎನ್ನುವ ಜಾಗ ಬಹುಶಃ ಇದ್ದೇ ಇರುವುದಿಲ್ಲ. ಜೊತೆಗೆ ಮನೆಗೆಲ್ಲ ಅನ್ವಯವಾಗುವ ನಿಯಮಗಳು ಬೇಕು: ಸ್ನಾನದ ಮನೆ, ಮಲಗುವ ಕೋಣೆಯ ಬಾಗಿಲು ತಟ್ಟಿಯೇ ಒಳಗೆ ಹೋಗುವುದು, ನೆಂಟರು ಬಂದರೆ ಮಗು ಬೇಡವೆಂದಾಗ ತಬ್ಬಿಕೊಳ್ಳದಿರುವುದು. ಮಗುವಿನ ಹಿಂದಿನ ಕಥೆಯನ್ನೆಲ್ಲ ಕಡತ ಹೇಳುವುದಿಲ್ಲ, ಹಾಗಾಗಿ ಈ ನಿಯಮ ಎಲ್ಲ ಮಕ್ಕಳಿಗೂ ಇರಲಿ. ಮುಂದೊಂದು ದಿನ ಮಗು ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ ಕೆದಕಿ ಕೆದಕಿ ಕೇಳಬೇಡಿ. ಅದು ಹೇಳಿದ ಮಾತನ್ನು ಹಾಗೆಯೇ ಬರೆದಿಟ್ಟು ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ಪೋಕ್ಸೋ ಕಾಯ್ದೆ 2012ರ 19ನೇ ಕಲಂ ಪ್ರಕಾರ ವರದಿ ಮಾಡುವುದು ಕಡ್ಡಾಯ.

ಮೊದಲ ಕೆಲವು ವಾರ ಮಗು ತೀರಾ ಒಳ್ಳೆಯದಾಗಿರಬಹುದು. ಹೇಳಿದ್ದನ್ನೆಲ್ಲ ಮಾಡುತ್ತದೆ, ತಟ್ಟೆ ತೊಳೆಯುತ್ತದೆ, ಏನೂ ಕೇಳುವುದಿಲ್ಲ. ಇದು ಮನೆಯನ್ನು ಅಳೆಯುವ ಕಾಲ. ಸ್ವಲ್ಪ ಭದ್ರತೆ ಅನ್ನಿಸಿದ ಮೇಲೆ ಸುಳ್ಳು, ಕಳವು, ಹಠ, ಶಾಲೆಗೆ ಚಕ್ಕರ್ ಶುರುವಾಗುತ್ತವೆ. ಆಗ ಪೋಷಕರು ‘ಮೊದಲು ಎಷ್ಟು ಚೆನ್ನಾಗಿದ್ದ’ ಎಂದು ಕುಗ್ಗಿಹೋಗುತ್ತಾರೆ. ವಾಸ್ತವದಲ್ಲಿ ಮಗು ಈಗ ನಿಮ್ಮನ್ನು ನಂಬಲು ಹೊರಟಿದೆ, ತಪ್ಪು ಮಾಡಿದರೂ ಉಳಿಸಿಕೊಳ್ಳುತ್ತಾರಾ ಎಂದು ಪರೀಕ್ಷಿಸುತ್ತಿದೆ.

ಆಹಾರ ಬಚ್ಚಿಡುವುದು ತುಂಬ ಸಾಮಾನ್ಯ. ದಿಂಬಿನ ಕೆಳಗೆ ಚಪಾತಿ, ಬ್ಯಾಗಿನಲ್ಲಿ ಬೆಲ್ಲ, ಇರುವೆ ಬಂದ ಮೇಲೆ ಗೊತ್ತಾಗುತ್ತದೆ. ಹೊಟ್ಟೆ ತುಂಬಿದ್ದರೂ ಹೀಗೆ ಮಾಡಲು ಕಾರಣ, ಹಿಂದೆ ಊಟ ಯಾವಾಗ ಸಿಗುತ್ತದೆಂದು ಗೊತ್ತಿಲ್ಲದೆ ಕಳೆದ ದಿನಗಳು. ಕೈಗೆಟಕುವ ಎತ್ತರದಲ್ಲಿ ಮುಚ್ಚಳದ ಡಬ್ಬಿಯಿಡಿ. ಅದರಲ್ಲಿ ಹುರಿಗಡಲೆ, ಕಡಲೆಬೀಜ, ಬಿಸ್ಕತ್ತು, ಪಕ್ಕದಲ್ಲಿ ಬಾಳೆಹಣ್ಣು. ಯಾವಾಗ ಬೇಕಾದರೂ ಕೇಳದೆ ತಿನ್ನಬಹುದು ಎಂದು ಹೇಳಿ, ಖಾಲಿಯಾದ ತಕ್ಷಣ ಮಾತಿಲ್ಲದೆ ತುಂಬಿಸಿ. ಮೊದಲ ದಿನಗಳಲ್ಲಿ ಡಬ್ಬಿ ದಿನಕ್ಕೆರಡು ಸಲ ಖಾಲಿಯಾಗಬಹುದು. ‘ಇಷ್ಟೊಂದು ತಿಂತೀಯಾ’ ಎಂಬ ಒಂದೇ ಮಾತಿಗೆ ಬಚ್ಚಿಡುವುದು ಮತ್ತೆ ಶುರುವಾಗುತ್ತದೆ.

ಹಾಸಿಗೆ ಒದ್ದೆಯಾಗುವುದಕ್ಕೂ ಬೈಗುಳ ಮದ್ದಲ್ಲ. ರಬ್ಬರ್ ಶೀಟು, ಎರಡು ಜೊತೆ ಹೆಚ್ಚುವರಿ ಬೆಡ್‌ಶೀಟು ಮೊದಲೇ ತಂದಿಡಿ. ಹಗಲು ಚೆನ್ನಾಗಿ ನೀರು ಕುಡಿಸಿ, ಮಲಗುವ ಎರಡು ತಾಸು ಮುಂಚಿನಿಂದ ಕಡಿಮೆ ಮಾಡಿ, ಮಲಗುವಾಗ ಬಚ್ಚಲಿಗೆ ಕಳಿಸಿ. ಉರಿ, ಮಲಬದ್ಧತೆ, ಅತಿಯಾದ ಬಾಯಾರಿಕೆ ಇದ್ದರೆ, ಅಥವಾ ತಿಂಗಳುಗಳ ಕಾಲ ನಿಂತದ್ದು ಮತ್ತೆ ಶುರುವಾದರೆ ಡಾಕ್ಟರಿಗೆ ತೋರಿಸಿ.

ಹೊಡೆಯಬಾರದು ಎಂಬುದರಲ್ಲಿ ರಾಜಿಯಿಲ್ಲ. ‘ನಮ್ಮ ಮಗನಿಗೂ ಒಂದೇಟು ಹಾಕ್ತೀವಿ’ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ, ಹೊಡೆತದಿಂದಲೇ ಮನೆ ಬಿಟ್ಟ ಮಗು ಇದಾಗಿರಬಹುದು. ‘ಹೀಗೆ ಮಾಡಿದ್ರೆ ವಾಪಸ್ ಕಳಿಸ್ತೀನಿ’ ಎನ್ನುವುದು ಹೊಡೆತಕ್ಕಿಂತ ಕೆಟ್ಟದ್ದು. ಕೋಪದಲ್ಲೂ ಆ ಮಾತು ಬಾಯಿಗೆ ಬರದಂತೆ ಮನೆಯವರೆಲ್ಲ ಅಭ್ಯಾಸ ಮಾಡಬೇಕು.

ಆರೋಗ್ಯ ಮತ್ತು ಶಾಲೆಯ ಕೆಲಸ ಮೊದಲ ತಿಂಗಳಲ್ಲೇ ಆಗಲಿ. ಹಲ್ಲು, ಕಣ್ಣು, ಕಿವಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಲಸಿಕೆಯ ದಾಖಲೆಯಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. 10 ಮತ್ತು 16ನೇ ವಯಸ್ಸಿನಲ್ಲಿ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆ ಬಾಕಿಯಿರುವುದು ಅನೇಕರಿಗೆ ಹೊಳೆಯುವುದೇ ಇಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದಿದೆ. 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ ಇದೆ.

ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ ₹4,000 ನೆರವಿದೆ. ಅದು ಪ್ರತಿ ತಿಂಗಳೂ ಒಂದನೇ ತಾರೀಖಿಗೆ ಬಂದೇ ಬರುತ್ತದೆಂದು ಲೆಕ್ಕ ಹಾಕಬೇಡಿ. ಮೂರು ತಿಂಗಳು ಬಾರದಿದ್ದರೂ ಫೀಸು, ಹಾಲು, ಔಷಧಿ ನಿಲ್ಲದಷ್ಟು ನಿಮ್ಮ ಕೈಯಲ್ಲಿರಬೇಕು.

ಎಲ್ಲಕ್ಕಿಂತ ಕಷ್ಟದ ತರಬೇತಿ ಹೆತ್ತವರ ಭೇಟಿಯದು. ಸಮಿತಿ ಬೇಡವೆನ್ನದಿದ್ದರೆ ಅವರು ಮಗುವನ್ನು ನೋಡಲು ಬರಬಹುದು. ಬಂದು ಹೋದ ರಾತ್ರಿ ಮಗು ಊಟ ಬಿಡಬಹುದು, ನಿಮ್ಮ ಮೇಲೆ ಸಿಡುಕಬಹುದು. ‘ಇವರು ಬರುವುದರಿಂದಲೇ ಮಗು ಕೆಡ್ತಿದೆ’ ಎಂದು ಭೇಟಿ ನಿಲ್ಲಿಸಿ ಎನ್ನುವ ಅರ್ಜಿಗಳು ಇಂಥ ರಾತ್ರಿಯ ಮರುದಿನವೇ ಬರುತ್ತವೆ. ಒಂದು ವಾರ ತಾಳಿ. ಭೇಟಿಯ ದಿನ ಟ್ಯೂಷನ್ ಇಡಬೇಡಿ, ಮಗುವಿಗೆ ಇಷ್ಟವಾದ ಅಡುಗೆ ಮಾಡಿ, ಅದಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹೆತ್ತಮ್ಮನ ಬಗ್ಗೆ ಮಗುವಿನ ಮುಂದೆ ಕೆಟ್ಟ ಮಾತು ಬೇಡ, ಎಷ್ಟೇ ನಿಜವಾದರೂ. ನಿಮ್ಮನ್ನು ಅಮ್ಮ ಎನ್ನಲೇಬೇಕೆಂಬ ಒತ್ತಾಯವೂ ಬೇಡ. ಅತ್ತೆ, ದೊಡ್ಡಮ್ಮ, ಆಂಟಿ, ಯಾವುದು ಬಾಯಿಗೆ ಬರುತ್ತದೋ ಅದೇ ಸರಿ. ಭೇಟಿಯ ನಂತರ ಮಗುವಿನ ಮೈಮೇಲೆ ಗಾಯವೋ ವಿಪರೀತ ಭಯವೋ ಕಂಡರೆ ಮಾತ್ರ ಅದೇ ದಿನ ಘಟಕಕ್ಕೆ ಬರೆದು ತಿಳಿಸಿ.

ಮಗುವಿನ ಫೋಟೊವನ್ನು ಬಂಧುಗಳ ವಾಟ್ಸಾಪ್ ಗುಂಪಿಗೂ ಹಾಕಬೇಡಿ. ರಕ್ಷಣೆಯಲ್ಲಿರುವ ಮಗುವಿನ ಗುರುತು ಬಹಿರಂಗಪಡಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆ, ₹2 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ಫೋಟೊ ತೆಗೆದು ಅಚ್ಚು ಹಾಕಿಸಿ ಆಲ್ಬಮಿಗೆ ಅಂಟಿಸಿ, ಅದು ಮಗುವಿನ ಆಸ್ತಿ.

ಪ್ರತಿ ತಿಂಗಳ ತಪಾಸಣೆಯೂ ಕಾಯ್ದೆಯಲ್ಲೇ ಇದೆ. ಅದಕ್ಕೆಂದು ಒಂದು ನೋಟುಪುಸ್ತಕವಿಡಿ: ನಿದ್ದೆ, ಊಟ, ಶಾಲೆ, ಜ್ವರ, ಭೇಟಿ, ಸಿಟ್ಟು, ದಿನಕ್ಕೆ ಎರಡು ಸಾಲು ಸಾಕು. ಮಗು ಹೆತ್ತವರ ಬಳಿಗೆ ಮರಳುವಾಗ ಈ ಪುಸ್ತಕದ ಮುಖ್ಯಾಂಶಗಳು, ಲಸಿಕೆ ಚೀಟಿ, ಅಂಕಪಟ್ಟಿ, ಆಲ್ಬಮ್ ಜೊತೆಗೆ ಹೋಗಲಿ. ಬಟ್ಟೆ, ಆಟಿಕೆಗಳನ್ನು ಒಳ್ಳೆಯ ಬ್ಯಾಗಿನಲ್ಲಿ ತುಂಬಿ, ಪ್ಲಾಸ್ಟಿಕ್ ಚೀಲ ಬೇಡ. ಹೋಗುವ ದಿನಾಂಕ ಗೊತ್ತಾದ ಕೂಡಲೇ ಮಗುವಿಗೆ ಹೇಳಿ, ಕೊನೆಯ ದಿನಕ್ಕೆ ಮುಚ್ಚಿಡಬೇಡಿ. ಫೋನು ಮಾಡಬಹುದೇ, ನೋಡಲು ಹೋಗಬಹುದೇ ಎಂಬುದನ್ನು ಸಮಿತಿಯಿಂದ ತಿಳಿದುಕೊಂಡ ಮೇಲೆಯೇ ಮಗುವಿಗೆ ಮಾತು ಕೊಡಿ. ಮುಂದಿನ ಮಗುವಿಗೆ ಒಪ್ಪುವ ಮೊದಲು ಮನೆಯವರಿಗೆ, ಮುಖ್ಯವಾಗಿ ನಿಮ್ಮ ಮಕ್ಕಳಿಗೆ, ಕೆಲವು ವಾರ ಬಿಡುವು ಬೇಕೆಂದು ಘಟಕಕ್ಕೆ ಸಂಕೋಚವಿಲ್ಲದೆ ಹೇಳಿ.