ಮೊದಲು ಮಳೆ ನೋಡಿ, ಆಮೇಲೆ ಟಿಕೆಟ್

"ಸಾರ್, ನವೆಂಬರ್‌ನಲ್ಲಿ ಥಾಯ್ಲೆಂಡಿನ ಕೋ ಸಮುಯಿ ದ್ವೀಪದಲ್ಲಿ ಹೋಟೆಲ್ ಅರ್ಧ ರೇಟಿಗೆ ಸಿಗ್ತಿದೆ. ಬುಕ್ ಮಾಡಿಬಿಡಲಾ?" ಪ್ರತಿ ವರ್ಷ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅರ್ಧ ರೇಟು ಯಾಕಿರಬಹುದು ಅಂತ ಯೋಚನೆ ಮಾಡಿದವರು ಕಡಿಮೆ.

ಬೆಂಗಳೂರಿನಿಂದ ಸಣ್ಣ ಗುಂಪುಗಳನ್ನು ಆಗ್ನೇಯ ಏಷ್ಯಾಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಬೆನ್ನಿಗೊಂದು ಬ್ಯಾಗ್, ರಾತ್ರಿ ರೈಲು, ದೋಣಿ, ಹಾಸ್ಟೆಲ್. ಬಾಗಿಲಿಗೇ ಬಸ್ ಬರುವ ಪ್ಯಾಕೇಜ್ ಟೂರ್ ಇದಲ್ಲ. ಬರುವವರು ಹೆಚ್ಚಾಗಿ ಕೇಳುವುದು ಯಾವ ಬೀಚ್, ಯಾವ ಪಾರ್ಟಿ, ಎಷ್ಟು ಖರ್ಚು ಅಂತ. ನಾನು ಮೊದಲು ಕೇಳುವುದು ಯಾವ ತಿಂಗಳು ಅಂತ. ಬ್ಯಾಂಕಾಕ್‌ನಲ್ಲಿ ಯಾವಾಗ ಹೋದರೂ ಹೇಗೋ ನಡೆಯುತ್ತದೆ. ಮಳೆ ಬಂದರೆ ಮಾಲ್‌ಗೆ ನುಗ್ಗಬಹುದು, ಮೆಟ್ರೋ ಹಿಡಿಯಬಹುದು. ದ್ವೀಪದಲ್ಲಿ ಆ ಆಟ ನಡೆಯುವುದಿಲ್ಲ. ಅಲ್ಲಿ ಗಾಳಿ ಒಪ್ಪಿದರೆ ಮಾತ್ರ ದೋಣಿ.

ಥಾಯ್ಲೆಂಡಿನ ದಕ್ಷಿಣ ಭಾಗ ಉದ್ದಕ್ಕೆ ಇಳಿದಿರುವ ಒಂದು ಕಿರಿದಾದ ನೆಲ. ಅದರ ಪಶ್ಚಿಮಕ್ಕೆ ಅಂಡಮಾನ್ ಸಮುದ್ರ. ಫುಕೆಟ್, ಕ್ರಾಬಿ, ಫಿಫಿ, ಲಂತಾ ಎಲ್ಲ ಆ ಕಡೆ. ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ. ಸಮುಯಿ, ಫಂಗಾನ್, ತಾವ್ ಈ ಕಡೆ. ನಡುವೆ ಬೆಟ್ಟದ ಸಾಲು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನೈಋತ್ಯದ ಗಾಳಿ ಅಂಡಮಾನ್ ಕಡೆಯನ್ನು ತೋಯಿಸುತ್ತದೆ. ನಮ್ಮ ಕಾರವಾರ, ಮಂಗಳೂರಿಗೆ ಮಳೆ ತರುವ ಅದೇ ಮುಂಗಾರು. ಆಗ ಕೊಲ್ಲಿಯ ಕಡೆ ಮಳೆ ಬಂದರೂ ಸ್ವಲ್ಪ ಹೊತ್ತು ಸುರಿದು ಹೋಗುತ್ತದೆ. ಅಕ್ಟೋಬರ್ ದಾಟುವ ಹೊತ್ತಿಗೆ ಗಾಳಿ ತಿರುಗುತ್ತದೆ. ಈಶಾನ್ಯದಿಂದ ಬೀಸುವ ಗಾಳಿ ಕೊಲ್ಲಿಯ ನೀರನ್ನು ಹೊತ್ತುಕೊಂಡು ಬಂದು ಸಮುಯಿ ಮೇಲೆ ಸುರಿಯುತ್ತದೆ. ನವೆಂಬರ್‌ನಲ್ಲಿ ಚೆನ್ನೈಗೆ ಆಗುವುದೇ ಅಲ್ಲೂ ಆಗುತ್ತದೆ. ಅರ್ಧ ರೇಟಿನ ಗುಟ್ಟು ಇಷ್ಟೇ.

ಇದನ್ನು ನಮ್ಮ ರಜೆಗಳಿಗೆ ಹೊಂದಿಸಿ ನೋಡಿ. ಮಕ್ಕಳ ಬೇಸಿಗೆ ರಜೆಯಲ್ಲಿ ಹೊರಡುವುದಾದರೆ ಕೊಲ್ಲಿಯ ದ್ವೀಪಗಳು ಸರಿ. ಏಪ್ರಿಲ್ ಮಧ್ಯದಲ್ಲಿ ಮಾತ್ರ ಸೋಂಗ್‌ಕ್ರಾನ್ ಇರುತ್ತದೆ, ಅವರ ಹೊಸ ವರ್ಷ. ಬೀದಿ ಬೀದಿಯಲ್ಲಿ ನೀರೆರಚಾಟ. ಮಜಾ ಇರುತ್ತದೆ, ಆದರೆ ಊರಿಗೆ ಹೋಗುವ ಜನರಿಂದ ರೈಲು, ಬಸ್ಸು ಎಲ್ಲ ಭರ್ತಿ. ಕ್ರಿಸ್ಮಸ್ ರಜೆಗೆ ಕ್ರಾಬಿ ಕಡೆ ಹೋಗಿ. ದುಬಾರಿ, ನಿಜ. ಆದರೆ ಸಮುದ್ರ ಶಾಂತವಾಗಿರುತ್ತದೆ. ದಸರಾ ರಜೆಯೇ ಕಷ್ಟ. ಬ್ಯಾಂಕಾಕ್‌ನಲ್ಲಿ ಮಳೆ, ಅಂಡಮಾನ್ ಕಡೆ ಜೋರು ಮಳೆ, ಕೊಲ್ಲಿಯಲ್ಲಿ ಇನ್ನೇನು ಶುರು. ಮಧ್ಯ ವಿಯೆಟ್ನಾಂನ ಹೋಯ್ ಆನ್‌ನಲ್ಲಿ ಅಕ್ಟೋಬರ್, ನವೆಂಬರ್ ಅಂದ್ರೆ ಪ್ರವಾಹದ ಕಾಲ. ದಸರಾಕ್ಕೆ ದ್ವೀಪವೇ ಬೇಕು ಅಂದರೆ ನಾನು ಬಾಲಿ, ಲೊಂಬೊಕ್ ಅನ್ನುತ್ತೇನೆ. ಅವು ಸಮಭಾಜಕ ರೇಖೆಯ ಕೆಳಗಿವೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಒಣ ಹವೆ.

"ಸ್ವಲ್ಪ ಮಳೆ ಇದ್ದರೇನು, ನಾವು ಮಲೆನಾಡಿನವರು" ಅನ್ನುವವರೂ ಇದ್ದಾರೆ. ನನ್ನ ಚಿಂತೆ ಮಳೆಯದ್ದಲ್ಲ, ಅಲೆಯದ್ದು. 2018ರ ಜುಲೈ 5ರಂದು ಫುಕೆಟ್ ಬಳಿ 'ಫೀನಿಕ್ಸ್' ಎಂಬ ಪ್ರವಾಸಿ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. 47 ಚೀನೀ ಪ್ರವಾಸಿಗರು ಸತ್ತರು. ಹವಾಮಾನದ ಎಚ್ಚರಿಕೆ ಇದ್ದರೂ ದೋಣಿ ಹೊರಟಿತ್ತು. ಅಂಡಮಾನ್ ಕಡೆಯ ಸಿಮಿಲಾನ್ ದ್ವೀಪಗಳನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಸರ್ಕಾರವೇ ಮುಚ್ಚುತ್ತದೆ. ದೋಣಿ ರದ್ದಾಯಿತು ಅಂದ ಕೂಡಲೇ ಗುಂಪಿನಲ್ಲಿ ಮುಖಗಳು ಸಪ್ಪಗಾಗುತ್ತವೆ. ಯಾರೋ ಒಬ್ಬರು ಜೆಟ್ಟಿಯಲ್ಲೇ ಬೇರೆ ಸ್ಪೀಡ್‌ಬೋಟ್‌ನವನ ಹತ್ತಿರ ಚೌಕಾಸಿ ಶುರು ಮಾಡುತ್ತಾರೆ. ದೊಡ್ಡ ದೋಣಿ ನಿಂತಿದೆ ಅಂದಮೇಲೆ ಸಣ್ಣದು ಹೇಗೆ ಹೋಗುತ್ತದೆ, ಅಲ್ವಾ?

ತಿಂಗಳು ಗೊತ್ತಾಯಿತು. ಇನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ದಾಟುವ ಕೆಲಸ. ಗುಂಪುಗಳು ದಿನ ಕಳೆದುಕೊಳ್ಳುವುದು, ಸಾಮಾನು ಕಳೆದುಕೊಳ್ಳುವುದು, ಜಗಳ ಆಡುವುದು ಎಲ್ಲ ಇಲ್ಲೇ. ನಾನು ಜಾಸ್ತಿ ಮಾಡುವ ದಾರಿಯನ್ನೇ ಹೇಳುತ್ತೇನೆ. ಬ್ಯಾಂಕಾಕ್‌ನಿಂದ ರಾತ್ರಿ ರೈಲಿನಲ್ಲಿ ಕೊಲ್ಲಿ ಕಡೆಯ ಚುಂಫೋನ್ ಊರು, ಅಲ್ಲಿಂದ ಬೆಳಿಗ್ಗೆ ದೋಣಿಯಲ್ಲಿ ಕೋ ತಾವ್, ಅಂದರೆ ತಾವ್ ದ್ವೀಪ.

ಮೊದಲ ಎಡವಟ್ಟು ಸ್ಟೇಷನ್‌ನಲ್ಲೇ ಆಗುತ್ತದೆ. ಹಳೆಯ ಗೈಡ್‌ಗಳಲ್ಲಿ ಹುವಾ ಲಂಫೋಂಗ್ ಅಂತ ಇರುತ್ತದೆ. ದೂರದ ರೈಲುಗಳು 2023ರ ಜನವರಿಯಲ್ಲೇ ಕ್ರುಂಗ್ ಥೇಪ್ ಅಪಿವಾತ್ ಎಂಬ ಹೊಸ ನಿಲ್ದಾಣಕ್ಕೆ ಹೋದವು. ಎರಡೂ ಒಂದೇ ಮೆಟ್ರೋ ಲೈನ್‌ನಲ್ಲಿವೆ, ಆದರೆ ಹತ್ತಿರ ಹತ್ತಿರ ಇಲ್ಲ. ರೈಲಿನ ಎರಡನೇ ದರ್ಜೆ ಸ್ಲೀಪರ್‌ನಲ್ಲಿ ಬರ್ತ್‌ಗಳು ನಮ್ಮ ಸೈಡ್ ಲೋಯರ್, ಸೈಡ್ ಅಪ್ಪರ್ ಹಾಗೆ ಓಣಿಯ ಎರಡೂ ಬದಿಗೆ ಇರುತ್ತವೆ. ಸಿಬ್ಬಂದಿ ಬಂದು ಹಾಸಿಗೆ ಹಾಸಿ, ಪರದೆ ಎಳೆದು ಕೊಡುತ್ತಾರೆ. ಕೆಳಗಿನದು ಅಗಲ ಜಾಸ್ತಿ, ಬೆಲೆಯೂ ಸ್ವಲ್ಪ ಜಾಸ್ತಿ. ಎತ್ತರದವರು ಆ ದುಡ್ಡು ಕೊಟ್ಟುಬಿಡಿ. ರೈಲಿನಲ್ಲಿ ಕುಡಿಯುವಂತಿಲ್ಲ. ಇದನ್ನು ಹೊರಡುವ ಮುಂಚೆಯೇ ಹೇಳಿಬಿಡುತ್ತೇನೆ, ಯಾಕೆ ಅಂತ ವಿವರಿಸಬೇಕಿಲ್ಲ.

ಚುಂಫೋನ್ ಬರುವುದು ಬೆಳಗಿನ ಜಾವ, ಇನ್ನೂ ಕತ್ತಲು. ಅಲ್ಲಿ ದೋಣಿ ಕಂಪನಿಯವರಿಗೆ ಟಿಕೆಟ್ ತೋರಿಸಿದರೆ ಅಂಗಿಯ ಮೇಲೆ ಒಂದು ಸ್ಟಿಕರ್ ಅಂಟಿಸುತ್ತಾರೆ. ತಾವ್‌ಗೆ ಹೋಗುವವರಿಗೆ ಒಂದು ಬಣ್ಣ, ಫಂಗಾನ್‌ಗೆ ಇನ್ನೊಂದು, ಸಮುಯಿಗೆ ಮತ್ತೊಂದು. ನಮ್ಮವರು ನಗುತ್ತಾ ಅದನ್ನು ಕಿತ್ತು ಫೋನಿನ ಹಿಂದೆ ಅಂಟಿಸಿಕೊಳ್ಳುತ್ತಾರೆ. ಬೇಡ, ಅಂಗಿಯ ಮೇಲೇ ಇರಲಿ. ಜೆಟ್ಟಿಯಲ್ಲಿ ಸಿಬ್ಬಂದಿ ನೋಡುವುದು ಮುಖವನ್ನಲ್ಲ, ಬಣ್ಣವನ್ನು. ಬಸ್ಸಿನಲ್ಲಿ ಜೆಟ್ಟಿಗೆ ಹೋದಮೇಲೆ ಬ್ಯಾಗ್‌ಗಳನ್ನೂ ದ್ವೀಪದ ಪ್ರಕಾರ ಗುಡ್ಡೆ ಹಾಕುತ್ತಾರೆ. ನಿಮ್ಮ ಬ್ಯಾಗ್ ಸರಿಯಾದ ಗುಡ್ಡೆಯಲ್ಲಿ ಇದೆಯಾ ಅಂತ ನೀವೇ ನೋಡಬೇಕು. ಕೋ ತಾವ್‌ನ ಮೇ ಹಾಡ್ ಜೆಟ್ಟಿಯಲ್ಲಿ ದೋಣಿ ನಿಲ್ಲುವುದು ಸ್ವಲ್ಪವೇ ಹೊತ್ತು. ಇಳಿಯುವವರು, ಹತ್ತುವವರು, ಬ್ಯಾಗ್ ಹುಡುಕುವವರು ಎಲ್ಲ ಒಂದೇ ಹಲಗೆಯ ಮೇಲೆ. ಬೆಂಗಳೂರಿನವರ ಬ್ಯಾಗ್‌ಗಳಂತೂ ಅರ್ಧಕ್ಕರ್ಧ ಒಂದೇ ಅಂಗಡಿಯವು, ಒಂದೇ ಕಪ್ಪು ಬಣ್ಣ. ಹಿಡಿಗೆ ಮನೆಯಲ್ಲಿರುವ ಹಳೇ ಸೀರೆಯ ಅಂಚು ಕಟ್ಟಿಕೊಂಡು ಬನ್ನಿ. ಗುಲಾಬಿ, ಗಿಳಿಹಸಿರು, ಕಣ್ಣಿಗೆ ಹೊಡೆಯುವಂಥ ಬಣ್ಣ ಯಾವುದಾದರೂ ಸರಿ. ಪಾಸ್‌ಪೋರ್ಟ್, ದುಡ್ಡು, ಔಷಧಿ ಮಾತ್ರ ಮೈಮೇಲಿನ ಸಣ್ಣ ಚೀಲದಲ್ಲೇ ಇರಬೇಕು. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿದ ಬ್ಯಾಗ್‌ಗೂ ಇದೇ ಮಾತು.

ವಾಂತಿ ಬರುವವರು ದೋಣಿಯ ಹಿಂಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೂರಿ. ಮುಂದೆ ಕೂತರೆ ಫೋಟೋ ಚೆನ್ನಾಗಿ ಬರುತ್ತದೆ, ಹೊಟ್ಟೆ ಮಾತ್ರ ಬಾಯಿಗೆ ಬರುತ್ತದೆ. ಮಾತ್ರೆ ತಗೊಳ್ಳುವುದಾದರೆ ದೋಣಿ ಹತ್ತುವ ಮುಂಚೆ ತಗೊಳ್ಳಿ. ಅಲೆ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಬ್ಯಾಗ್ ಎಷ್ಟು ದೊಡ್ಡದಿರಬೇಕು? 40 ಲೀಟರ್ ಸಾಕು. ವಿಮಾನದಲ್ಲಿ ಕೈಸಾಮಾನಿಗೆ 7 ಕಿಲೋ ಅನ್ನುವ ಕಂಪನಿಗಳೇ ಜಾಸ್ತಿ. ಟ್ರಾಲಿ ಸೂಟ್‌ಕೇಸ್ ತರುತ್ತೇನೆ ಅಂದವರಿಗೆ ನಾನು ರೈಲೇ ಬೀಚ್‌ನ ವಿಡಿಯೊ ಕಳಿಸುತ್ತೇನೆ. ಕ್ರಾಬಿ ಕಡೆಯ ಈ ಬೀಚ್ ಇರುವುದು ಮುಖ್ಯ ನೆಲದಲ್ಲೇ. ಆದರೆ ಹಿಂದೆ ಸುಣ್ಣಕಲ್ಲಿನ ಬೆಟ್ಟ ಗೋಡೆಯ ಹಾಗೆ ನಿಂತಿರುವುದರಿಂದ ರಸ್ತೆಯೇ ಇಲ್ಲ. ಪಕ್ಕದ ಆವ್ ನಾಂಗ್ ಬೀಚ್‌ನಿಂದ ಉದ್ದ ಬಾಲದ ದೋಣಿಯಲ್ಲಿ ಹೋಗಬೇಕು. ಹತ್ತುವಾಗಲೂ ಇಳಿಯುವಾಗಲೂ ಮೊಣಕಾಲವರೆಗೆ ನೀರು, ಅಲೆ ಬಂದರೆ ಸೊಂಟದವರೆಗೆ. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ದೋಣಿಯ ಅಂಚು. ಸೂಟ್‌ಕೇಸ್‌ಗೆ ಮೂರನೇ ಕೈ ಎಲ್ಲಿಂದ ತರುತ್ತೀರಿ?

ಕೋ ತಾವ್‌ಗೆ ಹೋಗುವವರು ಹೆಚ್ಚಾಗಿ ಸ್ಕೂಬಾ, ಅಂದರೆ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು ಕಲಿಯಲು ಹೋಗುತ್ತಾರೆ. ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್‌ಗೆ ಮೂರು, ನಾಲ್ಕು ದಿನ ಬೇಕು. 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ನಮ್ಮ ಗುಂಪುಗಳಲ್ಲಿ ಈಜು ಬಾರದವರೇ ಜಾಸ್ತಿ. ಅಂಥವರು ಒಂದು ದಿನದ ಪರಿಚಯದ ಡೈವ್ ಮಾಡಬಹುದು. ಶಿಕ್ಷಕರು ಪಕ್ಕದಲ್ಲೇ ಇರುತ್ತಾರೆ, 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವುದಿಲ್ಲ. ಆಸೆ ಇದ್ದವರು ಹೊರಡುವ ಮುಂಚೆ ಮನೆ ಹತ್ತಿರದ ಈಜುಕೊಳಕ್ಕೆ ಸೇರಿಕೊಳ್ಳಿ. ಆಸ್ತಮಾ, ಕಿವಿಯ ತೊಂದರೆ ಇದ್ದರೆ ಇಲ್ಲೇ ವೈದ್ಯರನ್ನು ಕೇಳಿಕೊಂಡು ಬನ್ನಿ. ಅಲ್ಲಿ ಹೋಗಿ ಫಾರಂ ತುಂಬುವಾಗ ಗೊತ್ತಾದರೆ ಡೈವ್ ಇಲ್ಲ.

ಡೈವ್ ಮಾಡಿದವರು ಕೂಡಲೇ ವಿಮಾನ ಹತ್ತುವಂತಿಲ್ಲ. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಗೆ ಹೋಗಲು ಸಮಯ ಬೇಕು. ಅಷ್ಟರಲ್ಲಿ ಮೇಲೆ ಹಾರಿದರೆ, ಅಲ್ಲಿ ಒತ್ತಡ ಕಡಿಮೆಯಾಗಿ ಅದು ಗುಳ್ಳೆಯಾಗುತ್ತದೆ. ಹಲವು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು ಅನ್ನುವುದು ಸಾಮಾನ್ಯ ನಿಯಮ. ಸಮುಯಿಯಿಂದ ಬ್ಯಾಂಕಾಕ್‌ಗೆ ಹಾರುವ ಪುಟ್ಟ ವಿಮಾನಕ್ಕೂ ಇದೇ ಲೆಕ್ಕ. ಹಾಗಾಗಿ ಡೈವಿಂಗ್ ಯಾವಾಗಲೂ ಪ್ರವಾಸದ ಮೊದಲ ಅರ್ಧದಲ್ಲಿ ಇರಲಿ.

ಸ್ಕೂಟರ್ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ತಾವ್, ಫಂಗಾನ್ ಎರಡರಲ್ಲೂ ರಸ್ತೆಗಳು ಕಡಿದಾದ ಇಳಿಜಾರು, ತಿರುವುಗಳಲ್ಲಿ ಮರಳು. ಹೊರಡುವ ಮುಂಚೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅದರಲ್ಲಿ ದ್ವಿಚಕ್ರಕ್ಕೂ ಮುದ್ರೆ ಇರಬೇಕು. ಬರೀ ಕಾರಿನದ್ದು ಇದ್ದರೆ ಸ್ಕೂಟರ್‌ಗೆ ನಡೆಯುವುದಿಲ್ಲ. ಬಾಡಿಗೆ ಅಂಗಡಿಯವರು ಪರವಾನಗಿ ಕೇಳದೇ ಕೀ ಕೊಟ್ಟುಬಿಡುತ್ತಾರೆ, ನಿಜ. ಬಿದ್ದ ಮೇಲೆ ಕೇಳುವುದು ವಿಮೆಯವರು. ಇನ್ನು, ಅಡವಾಗಿ ಪಾಸ್‌ಪೋರ್ಟ್ ಇಡಬೇಡಿ. ನಗದು ಕೊಡಿ, ಗಾಡಿಯ ಪ್ರತಿ ಗೀರಿನ ವಿಡಿಯೊ ಮಾಡಿಟ್ಟುಕೊಳ್ಳಿ.

ವೀಸಾ ನಿಯಮಗಳು ಈಚೆಗೆ ಮೇಲಿಂದ ಮೇಲೆ ಬದಲಾಗುತ್ತಿವೆ. ಟಿಕೆಟ್ ಮಾಡುವ ದಿನ ಆಯಾ ದೇಶದ ಅಧಿಕೃತ ವೆಬ್‌ಸೈಟನ್ನೇ ನೋಡಿ. ಥಾಯ್ಲೆಂಡ್ 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಫಾರಂ ಮಾಡಿದೆ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದು ಉಚಿತ. ದುಡ್ಡು ಕೇಳಿದರೆ ನೀವು ಬೇರೆ ಯಾವುದೋ ವೆಬ್‌ಸೈಟ್‌ನಲ್ಲಿ ಇದ್ದೀರಿ ಅಂತ ಅರ್ಥ.

ಊಟದ ವಿಷಯ. ಸಸ್ಯಾಹಾರ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ, ಪಪ್ಪಾಯಿ ಸಲಾಡ್‌ನಲ್ಲಿ ಒಣ ಸೀಗಡಿ ಇರುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಅಂತ ಬರೆದ ಅಂಗಡಿ ಹುಡುಕಿ. ಬೌದ್ಧ ವ್ರತದ ಅಡುಗೆ ಅದು, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಜೈನ ಸ್ನೇಹಿತರು ಇದ್ದಾಗ ನನ್ನನ್ನು ಕಾಪಾಡಿದ್ದು ಇದೇ ಬಾವುಟ.

ಇನ್ನು ಗುಂಪು. ಮೂರನೇ, ನಾಲ್ಕನೇ ದಿನಕ್ಕೆ ಒಂದು ಜಗಳ ಆಗಿಯೇ ಆಗುತ್ತದೆ. ದುಡ್ಡಿಗೆ ಆಗುವುದು ಅಪರೂಪ. ಎಸಿ ಎಷ್ಟಕ್ಕೆ ಇಡಬೇಕು, ಬೆಳಿಗ್ಗೆ ಬಾತ್‌ರೂಮ್ ಯಾರು ಮೊದಲು, ಒಬ್ಬರಿಗಾಗಿ ಎಲ್ಲರೂ ಎಷ್ಟು ಹೊತ್ತು ಕಾಯಬೇಕು, ಇಂಥದ್ದಕ್ಕೇ ಜಾಸ್ತಿ. ಅದಕ್ಕೆ ನಾಲ್ಕನೇ ದಿನ ಮಧ್ಯಾಹ್ನ ಯಾವ ಕಾರ್ಯಕ್ರಮವನ್ನೂ ಇಡುವುದಿಲ್ಲ. ಯಾರು ಎಲ್ಲಿಗಾದರೂ ಹೋಗಲಿ, ಸುಮ್ನೆ ಮಲಗಲಿ, ಸಂಜೆ ಊಟಕ್ಕೆ ಸಿಕ್ಕರೆ ಸಾಕು. "ದುಡ್ಡು ಕೊಟ್ಟು ಬಂದು ಮಲಗೋದಾ?" ಅಂತ ಮೊದಲು ಗೊಣಗುವವರೇ ಆಮೇಲೆ ಸಂಜೆ ನಗುನಗುತ್ತಾ ಬರುತ್ತಾರೆ. ಸಣ್ಣ ಖರ್ಚುಗಳಿಗೆ ಒಂದು ಡಬ್ಬಿ ಇಡುತ್ತೇವೆ. ಎಲ್ಲರೂ ಸಮನಾಗಿ ಬಾತ್, ಅಂದರೆ ಥಾಯ್ ದುಡ್ಡು, ಹಾಕುವುದು. ಹಂಚಿಕೊಂಡು ಹೋಗುವ ಸೋಂಗ್‌ತಾವ್ ಗಾಡಿ, ನೀರು, ಜೆಟ್ಟಿಯ ಶುಲ್ಕ ಎಲ್ಲ ಅದರಿಂದಲೇ. ಡಬ್ಬಿಯನ್ನು ಗುಂಪಿನ ಅತಿ ಮಾತುಗಾರನ ಕೈಗೆ ಕೊಡಬೇಡಿ. ಎಟಿಎಂನಿಂದ ಪ್ರತಿಯೊಬ್ಬರೂ ಚೂರು ಚೂರು ತೆಗೆಯುವುದೂ ಬೇಡ. ವಿದೇಶಿ ಕಾರ್ಡಿಗೆ ಅಲ್ಲಿನ ಬ್ಯಾಂಕ್ ಪ್ರತಿ ಸಲವೂ ಶುಲ್ಕ ಕಿತ್ತುಕೊಳ್ಳುತ್ತದೆ.

ಫಂಗಾನ್‌ನ ಹುಣ್ಣಿಮೆ ಪಾರ್ಟಿಗೆ ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ಬಕೆಟ್‌ನಲ್ಲಿ ಕಲಸಿ ಕೊಡುವ ಮದ್ಯ ಬೇಡ, ಸೀಲ್ ಇರುವ ಬಿಯರ್ ಸಾಕು. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಇನ್ನು ಗಾಂಜಾ. ಅಲ್ಲಿ ಅಂಗಡಿ ಕಂಡರೂ ಇಲ್ಲಿ ಅದು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆಯ ಕೇಸು. ಬ್ಯಾಂಕಾಕ್‌ನಿಂದ ಬಂದವರ ಬ್ಯಾಗ್‌ಗಳಲ್ಲಿ ಹೈಡ್ರೋಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆದ) ಗಾಂಜಾ ಸಿಕ್ಕ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮತ್ತೆ ಮತ್ತೆ ಬರುತ್ತಿದೆ. ಹಾಸ್ಟೆಲ್‌ನಲ್ಲಿ ಪರಿಚಯವಾದವರು "ಈ ಪ್ಯಾಕೆಟ್ ನಮ್ಮ ಅಣ್ಣನಿಗೆ ಕೊಟ್ಟುಬಿಡಿ" ಅಂದರೆ ಕೈ ಮುಗಿದು ಬಿಡಿ.

ಕೊನೆಯ ದ್ವೀಪದಿಂದ ಹೊರಡುವ ದಿನ ಮತ್ತು ಮನೆಗೆ ವಿಮಾನ ಹತ್ತುವ ದಿನದ ನಡುವೆ ಒಂದು ಪೂರ್ತಿ ದಿನ ಇರಲೇಬೇಕು. ನನ್ನ ಪ್ಲಾನ್‌ನಲ್ಲಿ ಆ ದಿನ ಬ್ಯಾಂಕಾಕ್‌ನಲ್ಲಿ ಕಳೆಯುತ್ತದೆ. ದೋಣಿ ಸಮಯಕ್ಕೆ ಬಂದರೆ ಶಾಪಿಂಗ್, ಬಾರದಿದ್ದರೆ ಆ ದಿನವೇ ನಮ್ಮನ್ನು ಉಳಿಸುತ್ತದೆ. ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ ಇವೆ ಅನ್ನುವುದೂ ನೆನಪಿರಲಿ. ಡಾನ್ ಮುಯಾಂಗ್‌ನಲ್ಲಿ ಇಳಿದು ಸುವರ್ಣಭೂಮಿಯಲ್ಲಿ ಹತ್ತಬೇಕಾದರೆ ನಡುವೆ ಇಡೀ ಊರಿನ ಟ್ರಾಫಿಕ್ ಇದೆ.

ನೀವು ಯಾರ ಜೊತೆ ಹೊರಟರೂ ಮುಂಗಡ ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ. "ಗಾಳಿಯಿಂದ ದೋಣಿ ನಿಂತರೆ ಆ ರಾತ್ರಿಯ ರೂಮು, ಮರುದಿನದ ಟಿಕೆಟ್ ಯಾರ ಖರ್ಚು?" ಬರವಣಿಗೆಯಲ್ಲಿ ಉತ್ತರ ಕೊಟ್ಟರೆ ಮಾತು ಮುಂದುವರಿಸಿ. "ಹಾಗೆಲ್ಲ ಆಗೋದೇ ಇಲ್ಲ ಸಾರ್" ಅಂದರೆ ಅವರು ಆ ದ್ವೀಪಕ್ಕೆ ಮಳೆಗಾಲದಲ್ಲಿ ಹೋಗಿಲ್ಲ, ಇನ್ನೊಬ್ಬರನ್ನು ನೋಡಿ.