ಲಾಂಗ್‌ಬ್ರಿಡ್ಜ್‌ನ ಗೇಟು ಮುಚ್ಚಿದ ಮೇಲೆ

2005ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಎಂಜಿ ರೋವರ್ ಕಾರು ಕಂಪನಿ ದಿವಾಳಿಯಾಯಿತು. ಬರ್ಮಿಂಗ್‌ಹ್ಯಾಮ್‌ನ ಲಾಂಗ್‌ಬ್ರಿಡ್ಜ್‌ನಲ್ಲಿದ್ದ ಅದರ ಕಾರ್ಖಾನೆಯನ್ನು ಹರ್ಬರ್ಟ್ ಆಸ್ಟಿನ್ 1905ರಲ್ಲಿ ಆರಂಭಿಸಿದ್ದರು. ಸರಿಯಾಗಿ ನೂರು ವರ್ಷಕ್ಕೆ ಬಾಗಿಲು ಬಿತ್ತು, ಸುಮಾರು 6,000 ಮಂದಿ ಕೆಲಸ ಕಳೆದುಕೊಂಡರು.

ಕಾರು ಕೊಳ್ಳುವವರಿಗೆ ಇದು ದೊಡ್ಡ ಸಮಸ್ಯೆಯಾಗಲಿಲ್ಲ. ಕಂಪನಿ ಹೋದರೂ ಕಾರಿನ ಬೇಡಿಕೆ ಹೋಗುವುದಿಲ್ಲ. ಅದು ಫೋರ್ಡ್, ಟೊಯೊಟಾಗಳ ಕಡೆ ಹರಿಯುತ್ತದೆ. ಯಂತ್ರಗಳಿಗೂ ಗಿರಾಕಿ ಸಿಕ್ಕರು. ಅದೇ ಜುಲೈನಲ್ಲಿ ಚೀನಾದ ನಾನ್‌ಜಿಂಗ್ ಆಟೊಮೊಬೈಲ್ ಆಸ್ತಿಯನ್ನು ಕೊಂಡು, ಯಂತ್ರಗಳನ್ನು ಬಿಚ್ಚಿ ಹಡಗಿನಲ್ಲಿ ಸಾಗಿಸಿತು. ಎಂಜಿ ಎಂಬ ಹೆಸರು ಮುಂದೆ ಶಾಂಘೈನ ಕಾರು ಕಂಪನಿ ಎಸ್‌ಎಐಸಿಯ ಪಾಲಾಯಿತು. ಇಂದು ನಮ್ಮ ರಸ್ತೆಗಳಲ್ಲಿ ಕಾಣುವ ಎಂಜಿ ಹೆಕ್ಟರ್ ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ, ಜನರಲ್ ಮೋಟರ್ಸ್ ಬಿಟ್ಟುಹೋದ ಕಾರ್ಖಾನೆಯಲ್ಲಿ!

ಯಂತ್ರ ಹಡಗು ಹತ್ತಬಹುದು. ಐವತ್ತು ವಯಸ್ಸಿನ ಕಾರ್ಮಿಕ ಮನೆಯ ಸಾಲ, ಮಕ್ಕಳ ಶಾಲೆ ಬಿಟ್ಟು ಎಲ್ಲಿಗೆ ಹೋಗಬೇಕು? ಮೂರು ವರ್ಷಗಳ ಬಳಿಕ ಸಂಶೋಧಕರು ಲಾಂಗ್‌ಬ್ರಿಡ್ಜ್‌ನವರನ್ನು ಮಾತಾಡಿಸಿದಾಗ ಹತ್ತರಲ್ಲಿ ಒಂಬತ್ತು ಮಂದಿಗೆ ಕೆಲಸ ಸಿಕ್ಕಿತ್ತು. ನಿರುದ್ಯೋಗದ ಲೆಕ್ಕವಷ್ಟನ್ನೇ ನೋಡಿದರೆ ಗಾಯ ಮಾಯ್ದಂತೆಯೇ. ಆದರೆ ಅವರ ವಾರ್ಷಿಕ ಸಂಬಳ ಸರಾಸರಿ 5,000 ಪೌಂಡಿಗೂ ಹೆಚ್ಚು ಕುಸಿದಿತ್ತು. ಅಮೆರಿಕದ ಪೆನ್ಸಿಲ್ವೇನಿಯಾದ ಬಗ್ಗೆ 1993ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೂ ಇದನ್ನೇ ಕಂಡಿತ್ತು. ಹೆಚ್ಚು ಸರ್ವೀಸು ಆಗಿ ಕೆಲಸ ಕಳೆದುಕೊಂಡವರ ಗಳಿಕೆ ಐದಾರು ವರ್ಷಗಳ ನಂತರವೂ ಶೇ 25ರಷ್ಟು ಕಡಿಮೆಯೇ ಇತ್ತು.

ಏಕೆ ಹೀಗೆ? ಇಪ್ಪತ್ತು ವರ್ಷ ಒಂದೇ ಅಸೆಂಬ್ಲಿ ಲೈನಿನಲ್ಲಿ ದುಡಿದವರಿಗೆ ಯಾವ ಯಂತ್ರ ಹೇಗೆ ಹಟ ಮಾಡುತ್ತದೆ, ಯಾವ ದೋಷಕ್ಕೆ ಯಾರನ್ನು ಕರೆಯಬೇಕು ಎಂಬುದೆಲ್ಲ ಕರಗತ. ಅರ್ಥಶಾಸ್ತ್ರಜ್ಞರು ಇದನ್ನು ಸಂಸ್ಥೆಗೇ ಸೀಮಿತವಾದ ಕೌಶಲ ಎನ್ನುತ್ತಾರೆ. ಗೇಟಿನ ಹೊರಗೆ ಅದಕ್ಕೆ ಬೆಲೆ ಕಟ್ಟುವವರಿಲ್ಲ. ಮೇಲಾಗಿ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ, ಒಂದೇ ಬಗೆಯ ಸಾವಿರಾರು ಅರ್ಜಿಗಳು. ಸಂಬಳಕ್ಕೆ ಚೌಕಾಸಿ ಮಾಡುವ ಶಕ್ತಿಯೇ ಉಳಿಯುವುದಿಲ್ಲ.

ದೊಡ್ಡ ತಯಾರಕನ ಬೆನ್ನಿಗೆ ಬಿಡಿಭಾಗ ಪೂರೈಸುವ ಸಣ್ಣ ಕಾರ್ಖಾನೆಗಳ ಸಾಲೇ ಇರುತ್ತದೆ. ತಯಾರಕ ಮುಳುಗಿ ಅವೂ ಬಿದ್ದರೆ ಪ್ರತಿಸ್ಪರ್ಧಿಗಳಿಗೂ ಬಿಡಿಭಾಗ ಸಿಗದು. 2008ರಲ್ಲಿ ಫೋರ್ಡ್ ಮುಖ್ಯಸ್ಥ ಅಲನ್ ಮುಲಾಲಿ ಅಮೆರಿಕದ ಸಂಸತ್ತಿನ ಮುಂದೆ ತಮ್ಮ ಎದುರಾಳಿಗಳಿಗೆ ನೆರವು ಕೊಡಿ ಎಂದು ವಾದಿಸಿದ್ದು ಇದಕ್ಕೇ. ಲಾಂಗ್‌ಬ್ರಿಡ್ಜ್‌ನಲ್ಲಿ ಈ ಸರಪಳಿ ಕಡಿಯಲಿಲ್ಲ, ಏಕೆಂದರೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2000ದಲ್ಲಿ ಬಿಎಂಡಬ್ಲ್ಯು ರೋವರನ್ನು ಬರೀ 10 ಪೌಂಡಿಗೆ ಮಾರಿದಾಗಲೇ ಸರ್ಕಾರ ಒಂದು ಕಾರ್ಯಪಡೆ ರಚಿಸಿ, ಪೂರೈಕೆದಾರರು ಬೇರೆ ಗಿರಾಕಿಗಳನ್ನು ಹುಡುಕಿಕೊಳ್ಳಲು ಹಣ, ಸಲಹೆ ಕೊಟ್ಟಿತ್ತು. ಆ ಐದು ವರ್ಷಗಳ ಕಾಲಾವಕಾಶವೇ ಸಾವಿರಾರು ಕೆಲಸಗಳನ್ನು ಉಳಿಸಿತೆಂದು ನನ್ನ ನಂಬಿಕೆ.