ಅನಿಮೆ ನಮ್ಮನ್ನು ಯಾಕೆ ಅಷ್ಟು ಅಳಿಸುತ್ತೆ?

ಬೆಲ್ಜಿಯಂನ ಆಂಟ್‌ವರ್ಪ್ ನಗರದ ದೊಡ್ಡ ಚರ್ಚಿನ ಮುಂದೆ ಬಿಳಿ ಅಮೃತಶಿಲೆಯ ಒಂದು ಶಿಲ್ಪ ಇದೆ. 2016ರಲ್ಲಿ ಇಟ್ಟದ್ದು. ಹುಡುಗನೊಬ್ಬ ತನ್ನ ನಾಯಿಯನ್ನು ತಬ್ಬಿಕೊಂಡು ಮಲಗಿದ್ದಾನೆ. ಹುಡುಗನ ಹೆಸರು ನೆಲ್ಲೋ, ನಾಯಿಯದ್ದು ಪತ್ರಾಶ್. ವೀಡಾ ಎಂಬ ಇಂಗ್ಲಿಷ್ ಲೇಖಕಿ 1872ರಲ್ಲಿ ಬರೆದ ಕಥೆ ಇದು. ಹಾಲಿನ ಗಾಡಿಯಿಂದ ಹೊಟ್ಟೆ ಹೊರೆಯುವ ಬಡ ಹುಡುಗ. ಚಿತ್ರಕಾರ ಆಗಬೇಕು ಅನ್ನುವ ಆಸೆ. ಅಜ್ಜ ತೀರಿಕೊಳ್ಳುತ್ತಾನೆ, ಮನೆ ಕೈತಪ್ಪುತ್ತದೆ, ಕೊನೆಗೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಅದೇ ಚರ್ಚಿನೊಳಗೆ, ಒಮ್ಮೆ ನೋಡಿದರೆ ಸಾಕು ಅಂತ ಹಂಬಲಿಸುತ್ತಿದ್ದ, ರೂಬೆನ್ಸ್ ಎಂಬ ಚಿತ್ರಕಾರ ಬರೆದ ಚಿತ್ರದ ಮುಂದೆ, ನಾಯಿಯ ಜೊತೆಗೇ ಚಳಿಗೆ ಸತ್ತುಹೋಗುತ್ತಾನೆ.

1959ರಲ್ಲಿ ಅಮೆರಿಕದವರು ಇದನ್ನು ಸಿನಿಮಾ ಮಾಡಿದಾಗ ಹುಡುಗನನ್ನು ಬದುಕಿಸಿದರು. 1975ರಲ್ಲಿ ಜಪಾನಿನಲ್ಲಿ ಇದೇ ಕಥೆ 52 ಎಪಿಸೋಡ್‌ಗಳ ಅನಿಮೆಯಾಯಿತು, ಅಂದರೆ ಅಲ್ಲಿನ ಕಾರ್ಟೂನ್. ಅದೂ ಮಕ್ಕಳಿಗಾಗಿ. ವರ್ಷವಿಡೀ ಭಾನುವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡಿದರು. ಡಿಸೆಂಬರ್ ಕೊನೆಯಲ್ಲಿ ನೆಲ್ಲೋ ಸತ್ತ. ಆ ಕೊನೆಯ ಎಪಿಸೋಡು ಜಪಾನಿನ ಒಂದಿಡೀ ತಲೆಮಾರಿಗೆ ಮರೆಯಲಾಗದ್ದು, ಈಗಲೂ ಜಪಾನಿನ ಪ್ರವಾಸಿಗರು ಆ ಚರ್ಚನ್ನು ಹುಡುಕಿಕೊಂಡು ಹೋಗುತ್ತಾರೆ.

ಜಪಾನಿನವರಿಗೆ ದುಃಖ ಅಂದ್ರೇನೇ ಇಷ್ಟ, ಅದಕ್ಕೇ ಹೀಗೆ ಅಂತ ಹೇಳಿ ಮುಗಿಸುವವರು ತುಂಬಾ ಜನ. ನಾನು ಇದನ್ನು ಒಪ್ಪುವುದಿಲ್ಲ. 1969ರಿಂದ ಇವತ್ತಿನವರೆಗೂ ಅಲ್ಲಿನ ಟಿವಿಯಲ್ಲಿ ಬರುತ್ತಿರುವ ಸಝಾಯೆ-ಸಾನ್ ಒಂದು ತುಂಬಿದ ಮನೆಯ ನಗುವಿನ ಕಥೆ. ಡೋರೆಮಾನ್ ನಮ್ಮ ಮಕ್ಕಳಿಗೂ ಗೊತ್ತು. ಅನಿಮೆಯಲ್ಲಿ ತಮಾಷೆ, ಆಟ, ಹೊಡೆದಾಟಕ್ಕೆ ಏನೂ ಕಮ್ಮಿಯಿಲ್ಲ. ಆದರೆ ನಮ್ಮನ್ನು ಅಳಿಸಿದ್ದೇ ಮನಸ್ಸಲ್ಲಿ ಉಳಿಯುತ್ತೆ, ಗೆಳೆಯರಿಗೆ ನೋಡು ಅಂತ ಹೇಳೋದೂ ಅದನ್ನೇ ಅಲ್ವಾ, ಹಾಗಾಗಿ ಅಂಥವು ಇರೋದಕ್ಕಿಂತ ಜಾಸ್ತಿ ಇವೆ ಅನ್ನಿಸುತ್ತೆ. ಈ ಭ್ರಮೆಯನ್ನು ಕಳೆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಂಕಟ ಆಗುತ್ತೆ ಅಂತ ಗೊತ್ತಿದ್ದೂ ನಾವು ಯಾಕೆ ನೋಡುತ್ತೇವೆ?

ಇದನ್ನು ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ಜೂಲಿಯನ್ ಹಾನಿಷ್ ಮತ್ತು ಸಂಗಡಿಗರ 2014ರ ಅಧ್ಯಯನದಲ್ಲಿ 76 ಜನರಿಗೆ ಸಾವಿನ ಸಂದರ್ಭದ 38 ಸಿನಿಮಾ ತುಣುಕುಗಳನ್ನು ತೋರಿಸಿದರು. ಜಾಸ್ತಿ ದುಃಖ ತಂದ ತುಣುಕುಗಳೇ ಜನರಿಗೆ ಜಾಸ್ತಿ ಹಿಡಿಸಿದವು. ಆದರೆ ಲೆಕ್ಕವನ್ನು ಬಿಡಿಸಿ ನೋಡಿದಾಗ, ಇಷ್ಟವಾಗಲು ಬರೀ ದುಃಖ ಕಾರಣವಾಗಿರಲಿಲ್ಲ. ಮನಸ್ಸು ಕರಗಿತ್ತು, ಅದು ಕಾರಣ. ಮನಸ್ಸು ಕರಗಿದ ಪಾಲನ್ನು ತೆಗೆದುಬಿಟ್ಟರೆ ದುಃಖಕ್ಕೂ ಇಷ್ಟಕ್ಕೂ ಇದ್ದ ನಂಟು ಹೆಚ್ಚುಕಮ್ಮಿ ಕಾಣೆಯಾಗುತ್ತಿತ್ತು. ಮನಸ್ಸು ಕರಗಬೇಕಾದರೆ ದುಃಖದ ಪಕ್ಕದಲ್ಲೇ ಪ್ರೀತಿಯೋ ತ್ಯಾಗವೋ ಏನೋ ಒಂದು ಒಳ್ಳೆಯದು ಇರಬೇಕು.

ಅದು ಹೇಗೆ ಅಂತ ನೋಡೋಕೆ ಇಸಾವೊ ತಕಾಹಾತ 1988ರಲ್ಲಿ ಮಾಡಿದ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಅನ್ನುವ ಅನಿಮೆ ಸಿನಿಮಾ ಸಾಕು. 1945, ಕೋಬೆ ನಗರದ ಮೇಲೆ ಬಾಂಬು ಬಿದ್ದಿದೆ. ತಾಯಿ ಸತ್ತಿದ್ದಾಳೆ. ಹದಿನಾಲ್ಕರ ಸೇತಾ, ನಾಲ್ಕು ವರ್ಷದ ತಂಗಿ ಸೆತ್ಸುಕೊ. ಅವಳ ಹತ್ತಿರ ಹಣ್ಣಿನ ರುಚಿಯ ಪೆಪ್ಪರಮಿಂಟಿನ ಒಂದು ತಗಡಿನ ಡಬ್ಬಿ ಇದೆ. ಒಂದು ದಿನ ಅದು ಖಾಲಿಯಾಗುತ್ತೆ. ಅಣ್ಣ ಡಬ್ಬಿಗೆ ನೀರು ಹಾಕಿ ಕುಲುಕಿ ಕೊಡುತ್ತಾನೆ, ಮೂಲೆಯಲ್ಲಿ ಅಂಟಿಕೊಂಡಿದ್ದ ಚೂರುಪಾರು ಕರಗಿ ಸಿಹಿನೀರಾಗಿದೆ. ಅವಳು ಕುಡಿದು ಎಷ್ಟೊಂದು ರುಚಿ ಇದೆ ಅಂತ ಹಿಗ್ಗುತ್ತಾಳೆ. ಆ ಸೀನಿನಲ್ಲಿ ಯಾರೂ ಅಳುವುದಿಲ್ಲ. ಮಗು ಖುಷಿಯಾಗಿದೆ. ಅಳೋದು ನಾವು, ಯಾಕಂದ್ರೆ ಆ ಡಬ್ಬಿಯಲ್ಲಿ ಇನ್ನೇನೂ ಉಳಿದಿಲ್ಲ ಅಂತ ನಮಗೆ ಗೊತ್ತು.

ಹೀಗೆ ಖುಷಿಯ ಸೀನಿನೊಳಗೇ ಸಂಕಟವನ್ನು ಇಡುವುದರಲ್ಲಿ ಅನಿಮೆಯ ಕೈ ತುಂಬಾ ಪಳಗಿದೆ ಅನ್ನೋದು ನನ್ನ ನಂಬಿಕೆ. ಯೂರಿ ಮಿಯಾಮೊಟೊ ಮತ್ತು ಜೊತೆಗಾರರ 2010ರ ಅಧ್ಯಯನವೂ ಇಲ್ಲಿ ನೆನಪಾಗುತ್ತದೆ. ಒಂದೇ ಸಂದರ್ಭದಲ್ಲಿ ಸುಖ, ದುಃಖ ಎರಡೂ ಒಟ್ಟಿಗೆ ಆಗುವುದು ಅಮೆರಿಕದವರಲ್ಲೂ ಇದೆ, ಜಪಾನಿನವರಲ್ಲೂ ಇದೆ. ಕೆಟ್ಟ ಸಂದರ್ಭಗಳಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಬಂದದ್ದು ಒಳ್ಳೆಯ ಸಂದರ್ಭಗಳಲ್ಲಿ. ಗೆಲುವು, ಸಂತೋಷದ ಹೊತ್ತಲ್ಲೂ ಜಪಾನಿನವರಿಗೆ ಬೇರೆ ಭಾವನೆಗಳು ಜಾಸ್ತಿ ಬೆರೆತಿದ್ದವು. ಅಲ್ಲಿ ಶಾಲೆಯ ವರ್ಷ ಮುಗಿಯುವುದು ಮಾರ್ಚಿನಲ್ಲಿ, ಹೊಸದು ಶುರುವಾಗುವುದು ಏಪ್ರಿಲ್‌ನಲ್ಲಿ, ಸಕುರಾ ಅನ್ನುವ ಚೆರ್ರಿ ಹೂ ಬಿಟ್ಟು ಕೆಲವೇ ದಿನಕ್ಕೆ ಉದುರುವುದೂ ಅದೇ ಸಮಯಕ್ಕೆ. ಶಾಲೆಯ ಕಥೆ ಹೇಳುವ ಎಷ್ಟೊಂದು ಅನಿಮೆಗಳು ಈ ಬೀಳ್ಕೊಡುಗೆಯ ದಿನಕ್ಕೇ ಬಂದು ನಿಲ್ಲುತ್ತವೆ.

ಇದಕ್ಕೆ ಇತಿಹಾಸವೂ ಇದೆ. ಈ ಕಲೆಯನ್ನು ಕಟ್ಟಿದವರು ಯುದ್ಧವನ್ನು ಕಣ್ಣಾರೆ ಕಂಡ ಮಕ್ಕಳು. 1928ರಲ್ಲಿ ಹುಟ್ಟಿದ ಒಸಾಮು ತೆಝುಕ ಒಸಾಕದ ಬಾಂಬ್ ದಾಳಿಯಲ್ಲಿ ಬದುಕುಳಿದವರು. ತಕಾಹಾತ ಒಂಬತ್ತು ವರ್ಷದವರಿದ್ದಾಗ ಒಕಾಯಾಮದಲ್ಲಿ ಬೆಂಕಿಯ ನಡುವೆ ಓಡಿದವರು. 1963ರಲ್ಲಿ ತೆಝುಕ ಟಿವಿಗೆ ತಂದ ರೋಬೋಟ್ ಹುಡುಗ ಆಸ್ಟ್ರೋ ಬಾಯ್ ಮಕ್ಕಳ ಕಣ್ಮಣಿಯಾಗಿದ್ದ. 1966ರ ಕೊನೆಯ ದಿನ ಬಂದ ಕೊನೆಯ ಎಪಿಸೋಡಿನಲ್ಲಿ ಆತ ಭೂಮಿಯನ್ನು ಉಳಿಸಲು ಸೂರ್ಯನ ಕಡೆಗೆ ಹಾರಿಹೋಗುತ್ತಾನೆ.

ಆ ಸರಣಿಯಿಂದಲೇ ಇನ್ನೊಂದು ವಿಷಯ ಶುರುವಾಯಿತು, ಇದರ ಬಗ್ಗೆ ಮಾತಾಡುವವರು ಕಮ್ಮಿ. ವಾರಕ್ಕೊಂದು ಅರ್ಧ ಗಂಟೆಯ ಎಪಿಸೋಡ್ ಮಾಡಲು ತೆಝುಕರ ಹತ್ತಿರ ದುಡ್ಡೂ ಇರಲಿಲ್ಲ, ಸಾಕಷ್ಟು ಕೈಗಳೂ ಇರಲಿಲ್ಲ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದೇ ಚಿತ್ರವನ್ನು ಮೂರು ಫ್ರೇಮ್ ಹಿಡಿದರೆ ಎಂಟು ಚಿತ್ರ ಸಾಕು. ಮುಖ ಹಾಗೇ ಇರಲಿ, ಬಾಯಿ ಮಾತ್ರ ಆಡಲಿ. ಪಾತ್ರ ನಡೆಯದಿದ್ದರೂ ಪರವಾಗಿಲ್ಲ, ಹಿಂದಿನ ಚಿತ್ರ ಸರಿಯಲಿ. ಉಳಿತಾಯಕ್ಕೆ ಹುಟ್ಟಿದ ಈ ನಿಶ್ಚಲತೆಯನ್ನು ಮುಂದೆ ಬಂದವರು ಕಲೆ ಮಾಡಿಕೊಂಡರು. ನಿರ್ದೇಶಕ ಒಸಾಮು ದೆಝಾಕಿ 1970ರ ದಶಕದಲ್ಲಿ ಸೀನು ಉಕ್ಕೇರುವ ಗಳಿಗೆಗೆ ಸರಿಯಾಗಿ ಚಲನೆಯನ್ನು ನಿಲ್ಲಿಸಿ, ಅದನ್ನು ಕೈಯಲ್ಲಿ ಬಿಡಿಸಿದ ಒಂದು ಸ್ತಬ್ಧ ಚಿತ್ರವಾಗಿ ಮಾಡುತ್ತಿದ್ದರು. ಹೊಡೆದಾಟಕ್ಕೆ ತುಂಬಾ ಚಿತ್ರ ಬೇಕು, ದುಃಖಕ್ಕೆ ಬೇಡ. ಖಾಲಿ ತರಗತಿ, ಜೀರುಂಡೆ ಸದ್ದು, ರೈಲು ಗೇಟಿನ ಗಂಟೆ, ಸುಮ್ನೆ ನಿಂತ ಒಂದು ಮುಖ. ಆ ಮುಖದಲ್ಲಿ ಬರೆಯದೇ ಬಿಟ್ಟಿದ್ದನ್ನು ನಾವು ನಮ್ಮದೇ ನೆನಪಿನಿಂದ ತುಂಬಿಕೊಳ್ಳುತ್ತೇವೆ.

ಇನ್ನು ಕಥೆಯ ಕೊನೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಮುಖ್ಯ ಅಂತ ನನಗನ್ನಿಸುತ್ತದೆ. ಜನ ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಮ್ಮೆ ಅಷ್ಟೇ ತಣ್ಣನೆಯ ನೀರಿನಲ್ಲಿ 60 ಸೆಕೆಂಡ್, ಆಮೇಲೆ ಮತ್ತೆ 30 ಸೆಕೆಂಡ್, ಅಷ್ಟರೊಳಗೆ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಇನ್ನೊಂದು ಸಲ ಮಾಡ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಂಡರು. ಒಟ್ಟು ನೋವು ಜಾಸ್ತಿ, ಆದರೆ ಕೊನೆ ಒಂದು ಡಿಗ್ರಿ ಬೆಚ್ಚಗೆ. ಪ್ರಯೋಗ ನಡೆದದ್ದು ನೋವಿನ ಮೇಲೆ, ಕಥೆಯ ಮೇಲಲ್ಲ. ಆದರೂ ಒಳ್ಳೆಯ ಅನಿಮೆಗಳ ಕೊನೆಯಲ್ಲಿ ನನಗೆ ಸಿಗುವುದು ಆ ಒಂದು ಡಿಗ್ರಿಯೇ. ಅದು ಸಿಗಬೇಕಾದರೆ ಕಥೆ ಮುಗಿಯಬೇಕು. ಹನ್ನೆರಡೋ ಹದಿಮೂರೋ ಎಪಿಸೋಡಿಗೆ ಮುಗಿಯುವ ಅನಿಮೆಗಳು ಹೇರಳ. ವೀಕ್ಷಕರು ಇರುವವರೆಗೂ ಎಳೆಯುವ ಧಾರಾವಾಹಿಗೆ ಈ ಅವಕಾಶ ಇರುವುದಿಲ್ಲ.

ಅನಿಮೆ ನಿರ್ದೇಶಕ ಮಕೊಟೊ ಶಿಂಕಾಯ್ ಅವರ 2007ರ ಸಿನಿಮಾದಲ್ಲಿ ಬಾಲ್ಯದ ಗೆಳೆಯ ಗೆಳತಿ ದೊಡ್ಡವರಾದ ಮೇಲೆ ರೈಲು ಗೇಟಿನಲ್ಲಿ ಎದುರಾಗುತ್ತಾರೆ, ನಡುವೆ ರೈಲು ಹಾದುಹೋಗುತ್ತದೆ, ಆಚೆ ಅವಳಿಲ್ಲ. ಅಷ್ಟೇ, ಕಥೆ ಮುಗಿಯಿತು. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ ಬಂತು. ಅದೇ ವರ್ಷ ಅವರು ಸುನಾಮಿ ಕೊಚ್ಚಿಹಾಕಿದ ಊರೊಂದಕ್ಕೆ ಹೋಗಿಬಂದರು. 2016ರ 'ಯುವರ್ ನೇಮ್'ನಲ್ಲಿ ಊರು ನಾಶವಾಗುತ್ತದೆ, ಜನ ಉಳಿಯುತ್ತಾರೆ, ಒಬ್ಬರನ್ನೊಬ್ಬರು ಮರೆತ ಇಬ್ಬರು ಮತ್ತೆ ಭೇಟಿಯಾಗುತ್ತಾರೆ. ನಿಜವಾದ ದುರಂತ ಕಂಡ ಮೇಲೆ ಅವರ ಕಥೆಗಳ ಕೊನೆ ಬೆಚ್ಚಗಾಯಿತು, ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. 2022ರ 'ಸುಝುಮೆ'ಯ ಹುಡುಗಿ ಅದೇ ಸುನಾಮಿಯಲ್ಲಿ ತಾಯಿಯನ್ನು ಕಳೆದುಕೊಂಡವಳು. ತಾಯಿ ವಾಪಸ್ ಬರುವುದಿಲ್ಲ, ಮಗಳು ನರ್ಸ್ ಆಗಬೇಕೆಂದು ಓದುತ್ತಿದ್ದಾಳೆ. ಜಪಾನಿನಲ್ಲಿ ಇದಕ್ಕೆ ಒಂದು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು.